ಬೋರ್ಡಿನ ಮಡಕೆ, ಮೇಜಿನ ಹೂಜಿ

ಡ್ರಾಯಿಂಗ್ ಮಾಸ್ತರನಾಗಲು ನನಗೆ ಬಿದ್ದ ಖರ್ಚು ಮೂರು ವಾರದ ಕೂಲಿ ಮತ್ತು ಒಂದು ಮಣ್ಣಿನ ಹೂಜಿ. ಹೂಜಿಯನ್ನು ಚೌಕಾಸಿ ಮಾಡಿ ತಂದೆ. ಕೂಲಿಯ ವಿಷಯದಲ್ಲಿ ಚೌಕಾಸಿ ನಡೆಯಲಿಲ್ಲ. ಎಪ್ಪತ್ತರ ದಶಕದ ಮಾತು. ವಿಜಯನಗರದಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದೆ, ಜೊತೆಗೆ ಚಿತ್ರಕಲಾ ಶಿಕ್ಷಕರ ತರಬೇತಿಗೆ ಸೇರಿದ್ದೆ. ತರಬೇತಿಗೆ ಸೇರಿದವರು ಯಾವುದಾದರೂ ಹೈಸ್ಕೂಲಿನಲ್ಲಿ ಮೂರು ವಾರ ಕೂತು ಪಾಠ ನೋಡಬೇಕು, ಕೊನೆಗೆ ತಾವೇ ಒಂದು ಪಾಠ ಮಾಡಿ ಅಲ್ಲಿನ ಮಾಸ್ತರರಿಂದ ಒಪ್ಪಿಗೆ ಬರೆಸಿಕೊಂಡು ಬರಬೇಕು. ಅದು ನಿಯಮ.

ಬೋರ್ಡು ಬರೆಸುತ್ತಿದ್ದ ನನ್ನ ಯಜಮಾನರು ಹೇಳಿದ್ದು ಇಷ್ಟೆ: "ಹೋಗಪ್ಪ, ಬೇಡ ಅನ್ನಲ್ಲ. ಒಪ್ಪಿಗೆ ಸಿಗ್ಲಿಲ್ಲ ಅಂದ್ರೆ ವಾಪಸ್ ಬಂದು ಬ್ರಷ್ ಹಿಡಿ. ಸಿಕ್ತು ಅಂದ್ರೆ ಸ್ವೀಟ್ ತಗೊಂಡ್ಬಾ."

ಹೇಗೇ ಆದರೂ ಅವರಿಗೆ ನಷ್ಟವಿರಲಿಲ್ಲ. ನನಗಿತ್ತು. ಅತ್ತಿಗುಪ್ಪೆಯ ನಮ್ಮ ಮನೆಯಲ್ಲಿ ಅದುವರೆಗೆ ತಿಂಗಳ ಸಂಬಳ ತಂದವರು ಯಾರೂ ಇರಲಿಲ್ಲ.

ಸೈಕಲ್ಲು ಹತ್ತಿ, ಮಾಗಡಿ ರಸ್ತೆ ದಾಟಿ ರಾಜಾಜಿನಗರದ ಶಾಲೆಗೆ ಹೋಗುತ್ತಿದ್ದೆ. ಅಲ್ಲಿನ ಡ್ರಾಯಿಂಗ್ ಮಾಸ್ತರರು ನಿವೃತ್ತಿಗೆ ಹತ್ತಿರವಾದವರು. ಒಳಗೆ ಬಂದವರೇ ಕರಿಹಲಗೆಯ ಮೇಲೆ ಸೀಮೆಸುಣ್ಣ ಎತ್ತದೆ ಒಂದೇ ಗೀಟಿನಲ್ಲಿ ಮಡಕೆ ಬರೆದುಬಿಡುತ್ತಿದ್ದರು. ಅಕ್ಷರ ಬರೆದು ಹೊಟ್ಟೆ ಹೊರೆಯುತ್ತಿದ್ದ ನನ್ನ ಕೈಗೂ ಆ ಹಿಡಿತ ಇರಲಿಲ್ಲ. ಮಕ್ಕಳು ತಲೆ ತಗ್ಗಿಸಿ ಅದನ್ನು ಇಳಿಸಿಕೊಳ್ಳುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ.

ಆ ಹಲಗೆಯಲ್ಲಿ ಉದ್ದಕ್ಕೂ ಒಂದು ಬಿರುಕಿತ್ತು. ಒಂದು ದಿನ ಮಾಸ್ತರರ ಮಡಕೆ ಸರಿಯಾಗಿ ಅದರ ಮೇಲೆ ಬಂತು. ಪಾಠ ಮುಗಿದು ಹಾಳೆಗಳನ್ನು ಒಟ್ಟುಮಾಡುತ್ತ ನೋಡಿದರೆ, ಎಲ್ಲರ ಮಡಕೆಯೂ ಸೀಳಿತ್ತು. ಒಬ್ಬನಂತೂ ಸೀಳಿಗೆ ಶೇಡಿಂಗ್ ಬೇರೆ ಕೊಟ್ಟಿದ್ದ.

"ಇದ್ಯಾಕಪ್ಪ ಹಾಕ್ದೆ?" ಎಂದೆ.

"ಬೋರ್ಡಲ್ಲಿ ಇತ್ತಲ್ಲ ಸಾರ್."

"ನಿಮ್ಮನೇಲಿ ಮಡಕೆ ಇಲ್ವಾ?"

"ಇದೆ ಸಾರ್. ಅದು ಪರೀಕ್ಷೆಗೆ ಬರಲ್ಲ."

ಮಾಸ್ತರರಿಗೆ ಹೇಳಿದಾಗ ಅವರು ನಕ್ಕರು, ಆದರೆ ಬಿಟ್ಟುಕೊಡಲಿಲ್ಲ. "ಪರೀಕ್ಷೆ ಮಾಡೋರು ಒಂದೇ ಥರ ಮಡಕೆ ಕೇಳ್ತಾರಪ್ಪ. ನಮ್ ಮಕ್ಕಳು ಫೇಲಾಗಬಾರ್ದು, ಅಷ್ಟೆ ನನ್ ಲೆಕ್ಕ." ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರ ಮಕ್ಕಳು ಪಾಸಾಗುತ್ತಿದ್ದರು.

ನನ್ನ ಪಾಠಕ್ಕೆ ನಾನೂ ಹಲಗೆಯ ಮೇಲೆ ಮಡಕೆ ಬರೆದಿದ್ದರೆ ಒಪ್ಪಿಗೆ ಸಲೀಸಾಗಿ ಸಿಗುತ್ತಿತ್ತು. ಹಿಂದಿನ ದಿನ ರಾಜಾಜಿನಗರದ ಸಂತೆಬೀದಿಯಲ್ಲಿ ಪಕ್ಕಕ್ಕೆ ಚಾಚಿದ ಉದ್ದ ಮೂತಿಯ ಹೂಜಿಯೊಂದು ಕಣ್ಣಿಗೆ ಬಿದ್ದದ್ದೇ ತಪ್ಪಾಯಿತು. ತಂದು ಮಾಸ್ತರರ ಮುಂದಿಟ್ಟೆ.

"ಸಾರ್, ಬೋರ್ಡ್ ಬೇಡ. ಎರಡು ಪೀರಿಯಡ್ ಕೊಡಿ, ಇದನ್ನ ಬರೆಸ್ತೀನಿ."

"ಬೋರ್ಡಿಲ್ದೆ ಏನಯ್ಯ ಕಲಿಸ್ತೀಯಾ? ಎರಡೆಲ್ಲ ಆಗಲ್ಲ. ಒಂದು ತಗೋ."

ನನಗೆ ಬೇಕಾಗಿದ್ದುದೂ ಒಂದೇ.

ಹೂಜಿಯನ್ನು ತರಗತಿಯ ನಡುವೆ ಮೇಜಿನ ಮೇಲಿಟ್ಟು, ಬೆಂಚುಗಳನ್ನು ಸುತ್ತಲೂ ತಿರುಗಿಸಿ ಹಾಕಿಸಿದೆ. ಮಾಸ್ತರರು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಹೂಜಿಯ ಮೂತಿ ಕಿಟಕಿಯತ್ತ ನೆಟ್ಟಗಿತ್ತು. ಸ್ವಲ್ಪ ಹೊತ್ತಿಗೆ ಜಗಳ ಶುರುವಾಯಿತು.

"ಸಾರ್, ಇವಳ ಹೂಜಿಗೆ ಮೂತೀನೇ ಇಲ್ಲ. ನಡುವೆ ಒಂದು ಸೊನ್ನೆ ಹಾಕಿದಾಳೆ."

"ನಂಗೆ ಹಂಗೇ ಕಾಣ್ತಿರೋದು ಕಣೋ," ಎಂದಳು ಕಿಟಕಿಯ ಬೆಂಚಿನ ಹುಡುಗಿ.

"ಕನ್ನಡಕ ಹಾಕ್ಸು ಮೊದ್ಲು."

"ನೀನ್ ಬಂದು ಇಲ್ಲಿ ಕೂತ್ಕೊ. ಆಮೇಲೆ ಮಾತಾಡು."

ಅಷ್ಟರಲ್ಲಿ ಮಾಸ್ತರರು ಎದ್ದು ಬಂದು ಅವಳ ಹಾಳೆ ಕೈಗೆತ್ತಿಕೊಂಡರು. ಕೆಂಪು ಪೆನ್ಸಿಲು ಜೇಬಿನಿಂದ ಹೊರಗೆ ಬಂದಿತ್ತು. ಅವರು ಅಲ್ಲಿ ತಪ್ಪು ಹಾಕಿದರೆ ನನ್ನ ಪಾಠವೂ ತಪ್ಪು, ನಾನು ವಾಪಸ್ ಬಣ್ಣದ ಡಬ್ಬಿಗೆ. ವಾದ ಮಾಡಬೇಕೆಂದು ಬಾಯಿಗೆ ಬಂತು, ನುಂಗಿಕೊಂಡೆ. ಗಿರಾಕಿಗೆ ಬೋರ್ಡು ಚೆನ್ನಾಗಿದೆ ಎಂದು ನಾನು ಯಾವತ್ತೂ ಹೇಳಿದವನಲ್ಲ. ರಸ್ತೆಯ ಆ ಕಡೆ ನಿಲ್ಲಿಸಿ ತೋರಿಸುತ್ತಿದ್ದೆ.

"ಸಾರ್, ಒಂದ್ನಿಮಿಷ ಇಲ್ಲಿ ಕೂತ್ಕೊಳ್ಳಿ," ಎಂದೆ.

ಹುಡುಗಿ ಸರಿದು ಜಾಗ ಕೊಟ್ಟಳು. ಮಾಸ್ತರರು ಆ ಗಿಡ್ಡ ಬೆಂಚಿನಲ್ಲಿ ಕಷ್ಟಪಟ್ಟು ಕೂತು, ಒಂದು ಕಣ್ಣು ಮುಚ್ಚಿ ಹೂಜಿಯನ್ನು ನೋಡಿದರು. ಆಮೇಲೆ ಹಾಳೆಯನ್ನು ನೋಡಿದರು.

"ಸೊನ್ನೆ ಇನ್ನೊಂಚೂರು ಕೆಳಗೆ ಬರ್ಬೇಕಮ್ಮ," ಎಂದು ಪೆನ್ಸಿಲ್ಲನ್ನು ಜೇಬಿಗೆ ಹಾಕಿಕೊಂಡರು. "ಮಿಕ್ಕಿದ್ದು ಸರಿ ಇದೆ." ಎದ್ದು ಮುಂದಿನ ಬೆಂಚಿಗೆ ಹೋಗಿ ಅಲ್ಲೂ ಕೂತರು. ಗಂಟೆ ಹೊಡೆಯುವವರೆಗೆ ಹಾಗೆಯೇ ಬೆಂಚಿನಿಂದ ಬೆಂಚಿಗೆ ಸುತ್ತಿದರು. ಒಪ್ಪಿಗೆಗೆ ಸಹಿ ಹಾಕುವಾಗ, "ಪರೀಕ್ಷೆ ತಿಂಗಳಲ್ಲಿ ಮಾತ್ರ ನನ್ ಮಡಕೆನೇ," ಎಂದರು. ನಾನೂ ಒಪ್ಪಿದೆ.

ನೀವೂ ಪಾಠ ನೋಡಲು ಹೊರಟಿದ್ದರೆ ಕೇಳಿ. ಹಿಂದಿನ ಬೆಂಚಿನಲ್ಲೇ ಬೇರು ಬಿಡಬೇಡಿ. ದಿನಕ್ಕೊಂದು ಬೆಂಚು ಬದಲಿಸಿ, ಮಕ್ಕಳ ಹಾಳೆ ಹತ್ತಿರದಿಂದ ಕಾಣುವಂತೆ ಕೂತುಕೊಳ್ಳಿ. ಹಳಬರ ಕೈಚಳಕ ಕಲಿಯಿರಿ, ಅದು ಪುಕ್ಕಟೆ ಸಿಗುತ್ತದೆ. ಅವರ ಪದ್ಧತಿ ಸರಿಯಿಲ್ಲ ಅನ್ನಿಸಿದರೆ ಅವರ ಎದುರು ಭಾಷಣ ಮಾಡಬೇಡಿ, ಕೂರಿಸಿ ತೋರಿಸಿ. ಮುಂದೆ ನಿಮ್ಮದೇ ತರಗತಿ ಸಿಕ್ಕಾಗ, ಯಾವುದಾದರೂ ಮಗುವಿನ ಚಿತ್ರ ಮಿಕ್ಕವರದಕ್ಕಿಂತ ಬೇರೆಯಾಗಿ ಬಂದರೆ, ಆ ಮಗು ಕೂತ ಜಾಗದಲ್ಲಿ ಒಮ್ಮೆ ಕೂತು ನೋಡಿ, ಆಮೇಲೆ ಕೆಂಪು ಪೆನ್ಸಿಲು ತೆಗೆಯಿರಿ.