ಕೊಯಿನಾ ಪೆಟ್ಟಿಗೆಯಲ್ಲಿದ್ದ ಗಂಟು

ದೆವ್ವ, ಮಾಟ, ಮೈಮೇಲೆ ಬರುವ ದೇವರು ಇವನ್ನೆಲ್ಲ ನಂಬುವವರ ಬಗ್ಗೆ ನನಗೆ ಮೊದಲಿನಿಂದಲೂ ತಾತ್ಸಾರ. ಈಗಲೂ ಅದು ಪೂರ್ತಿ ಹೋಗಿಲ್ಲ. ಇದನ್ನು ಓದಿ ನೀವು ನನ್ನನ್ನೂ ಆ ಗುಂಪಿಗೆ ಸೇರಿಸಿದರೆ ತಕರಾರಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಇನ್ನೂ ಕೆಟ್ಟದಾಗಿ ನಗುತ್ತಿದ್ದೆ.

ಆಗ ನಾನು ಹಿರಿಯೂರಿನ ಕಡೆ ಒಂದು ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರು. ಪ್ಲೇಗಿನ ಕಾಲ. ಯಾರ ಮೈಮೇಲೆ ಗಂಟು ಕಂಡರೂ ಊರಾಚೆಯ ಗುಡಿಸಲಿಗೆ ಅಟ್ಟುತ್ತಿದ್ದರು. ಯಲ್ಲದಕೆರೆಯ ಕುರಿಗಾಹಿ ಸಿರಿಯಣ್ಣನನ್ನೂ ಹಾಗೆಯೇ ಅಟ್ಟಿದ್ದರು. ಅವನ ಕುತ್ತಿಗೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟುಗಳ ಗೊಂಚಲಿತ್ತು. ಮುಟ್ಟಿದರೆ ನೋವಿಲ್ಲ, ರಬ್ಬರಿನ ಹಾಗೆ ಬೆರಳಿನಡಿ ಜಾರುತ್ತಿದ್ದವು. ಪ್ಲೇಗಿನ ಗಂಟಾಗಿದ್ದರೆ ಮುಟ್ಟಿದಾಗ ಚೀರಬೇಕು, ವಾರದೊಳಗೆ ಸಾಯಬೇಕು. ಇವನಿಗೆ ಆರು ತಿಂಗಳಿಂದ ಇದೆ. ಕ್ಷಯದಿಂದ ಕುತ್ತಿಗೆಯಲ್ಲೇಳುವ ಗಂಡಮಾಲೆಯಾಗಿದ್ದರೆ ಇಷ್ಟು ಹೊತ್ತಿಗೆ ಕೀವಾಗಿ ಒಡೆಯಬೇಕಿತ್ತು. ಜ್ವರ ಹತ್ತು ದಿನ ಬಂದು ಹತ್ತು ದಿನ ಬಿಡುತ್ತಿತ್ತು. ಹಾಸಿದ ಕಂಬಳಿ ನೆನೆಯುವಷ್ಟು ಬೆವರು, ಮೈಯೆಲ್ಲ ತುರಿಕೆ. ಅವನನ್ನು ಅಟ್ಟಿದವರ ತಿಳಿವಳಿಕೆಗೆ ಮನಸ್ಸಿನಲ್ಲೇ ಉಗಿದೆ. ಇದು ರಸಗ್ರಂಥಿಗಳ ರೋಗ. ಪುಸ್ತಕದಲ್ಲಿ ಓದಿದ್ದೆ, ಕಂಡಿರಲಿಲ್ಲ. ಒಂದು ಗಂಟನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡದ ಹೊರತು ಖಚಿತವಾಗಿ ಹೇಳುವಂತಿರಲಿಲ್ಲ.

ಕತ್ತರಿಸಿದೆ. ಅರ್ಧವನ್ನು ಬೆಂಗಳೂರಿಗೆ ಕಳಿಸಿದೆ. ಇನ್ನರ್ಧವನ್ನು ಸ್ಪಿರಿಟ್ಟಿನ ಸೀಸೆಯಲ್ಲಿಟ್ಟುಕೊಂಡೆ, ತಪಾಸಣೆಗೆ ಬರುವ ದೊಡ್ಡ ಡಾಕ್ಟರಿಗೆ ತೋರಿಸಿ ಭೇಷ್ ಅನ್ನಿಸಿಕೊಳ್ಳಲು. ಸಿರಿಯಣ್ಣನಿಗೆ ಪಾಷಾಣದ, ಅಂದರೆ ಆರ್ಸೆನಿಕ್ಕಿನ, ಹನಿಗಳನ್ನು ಕೊಟ್ಟು ಊರಿಗೆ ಕಳಿಸಿದೆ. ಅದಕ್ಕಿಂತ ದೊಡ್ಡ ಔಷಧ ಆಗ ನಮ್ಮ ಬಳಿ ಇರಲಿಲ್ಲ.

ಎರಡು ವಾರದ ಮೇಲೆ ಅವನ ಅಕ್ಕ ಕರಿಯಮ್ಮ ಬಂದಳು. ತಮ್ಮ ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಾಗಿತ್ತು. ಅವರಲ್ಲಿ ಹೂಳುವುದು ಪದ್ಧತಿ. ಮೈಯೆಲ್ಲ ಒಟ್ಟಿಗೆ ಮಣ್ಣಿಗೆ ಹೋಗಬೇಕು, ಇಲ್ಲದಿದ್ದರೆ ಸತ್ತವನಿಗೆ ನೆಲೆಯಿಲ್ಲ, ಕತ್ತರಿಸಿದ್ದನ್ನು ಕೊಡಿ ಎಂದು ಕೇಳಿದಳು. ಅಂಥ ಅಪರೂಪದ ಸೀಸೆಯನ್ನು ಮಣ್ಣುಪಾಲು ಮಾಡಲು ನನಗೇನು ಹುಚ್ಚೇ? ನಾಳೆ ಬಾ ಎಂದೆ. ಮಾಂಸದಂಗಡಿಯಿಂದ ಕುರಿಯ ಗ್ರಂಥಿಯೊಂದನ್ನು ತಂದು, ಬೇರೊಂದು ಸೀಸೆಗೆ ಹಾಕಿ ಅವಳ ಕೈಗಿತ್ತೆ. ಕುರಿ ಕಾಯುವವನಿಗೆ ಕುರಿಯದೇ ಸಾಕು ಎಂದು ಒಳಗೊಳಗೇ ನಕ್ಕೆ. ಅವಳು ಹೋದ ಮೇಲೆ ಅಸಲಿ ಸೀಸೆಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಚಳಿಜ್ವರಕ್ಕೆ ಕೊಡುವ ಕಹಿ ಕೊಯಿನಾ ಪುಡಿಯ ಪೆಟ್ಟಿಗೆಯಲ್ಲಿ ಹುದುಗಿಸಿ ಬೀಗ ಹಾಕಿದೆ. ಆಗ ಅಲ್ಲಿ ಇನ್ನಾರೂ ಇರಲಿಲ್ಲ, ಬೀಗದ ಕೈ ನನ್ನ ಉಡಿದಾರ ಬಿಟ್ಟು ಕದಲಲೂ ಇಲ್ಲ.

ಐದನೆಯ ದಿನ ಮಧ್ಯಾಹ್ನ ಕರಿಯಮ್ಮ ಆ ಸೀಸೆಯನ್ನು ವಾಪಸು ತಂದು ಮೇಜಿನ ಮೇಲಿಟ್ಟಳು. ಅವಳ ಮುಖದಲ್ಲಿ ಕೋಪವಿರಲಿಲ್ಲ.

“ಇದು ಅವಂದಲ್ಲಂತೆ ಸ್ವಾಮಿ. ಅವಂದು ಕೆಂಪು ಬಟ್ಟೇಲಿ ಸುತ್ತಿ ಕತ್ಲಾಗೆ ಇಟ್ಟೀರಂತೆ. ಬಾಯೆಲ್ಲ ಕೊಯಿನಾ ತಿಂದಂಗೆ ಕಹಿ ಆಗೈತೆ, ಅಲ್ಲಿಂದ ತೆಗೀರಿ ಅಂತಾನೆ.”

ಕುರಿಯದ್ದನ್ನು ಕುರಿಗಾಹಿ ಗುರುತಿಸಿದರೆ ಅದರಲ್ಲೇನೂ ಹೆಚ್ಚುಗಾರಿಕೆಯಿಲ್ಲ. ಬಾಯಿ ಕಹಿಯಾಗಲು ಪಾಷಾಣದ ಹನಿ ಕಾರಣವೆನ್ನೋಣ. ಕೆಂಪು ಬಟ್ಟೆಗೆ ಏನು ಹೇಳಲಿ? ನನಗೆ ಹೆದರಿಕೆಯಾಯಿತು. ಆ ಕ್ಷಣವೇ ಗಾಡಿ ಕಟ್ಟಿಸಿ, ಅಸಲಿ ಸೀಸೆ ಹಿಡಿದು ಅವಳ ಜೊತೆ ಹೊರಟೆ.

ಸಿರಿಯಣ್ಣ ಮೂಳೆ ಚಕ್ಕಳವಾಗಿ ಮಲಗಿದ್ದ. ಸೀಸೆಯನ್ನು ಕೈಗಿಟ್ಟರೆ ಅದರತ್ತ ನೋಡಲೂ ಇಲ್ಲ, ಎದೆಗೆ ಒತ್ತಿಕೊಂಡ.

“ಇದೇ ಸ್ವಾಮಿ. ಇನ್ನರ್ಧ ಎಲ್ಲೈತೆ?”

ಎರಡು ಮಾಡಿದ್ದನ್ನು ನಾನು ಅವರಿಗೆ ಹೇಳಿರಲಿಲ್ಲ. ಬೆಂಗಳೂರಿನಲ್ಲಿದೆ ಎಂದೆ.

“ಯಾವೂರೋ. ಕೆಳಗಿಂದ ಬೆಳಕು ಬಿಡ್ತಾರೆ. ಮ್ಯಾಲಿಂದ ಒಂದು ಕಣ್ಣು ನೋಡ್ತೈತೆ, ಒಂದೇ ಕಣ್ಣು. ತಡೆಯಾಕಾಗಲ್ಲ, ಅದನ್ನೂ ತರ್ಸಿ ಕೊಡ್ರಿ.”

ಸೂಕ್ಷ್ಮದರ್ಶಕವನ್ನು ಕಾಣದವರಿಗಾಗಿ ಹೇಳುತ್ತೇನೆ. ಅದರ ಬುಡದಲ್ಲೊಂದು ಕನ್ನಡಿಯಿದ್ದು, ಬೆಳಕನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸುತ್ತದೆ. ನೋಡುವವನು ಮೇಲಿನಿಂದ ಒಂದೇ ಕಣ್ಣಿಟ್ಟು ನೋಡುತ್ತಾನೆ. ಯಲ್ಲದಕೆರೆಯ ಕುರಿಗಾಹಿಗೆ ಅಂಥದೊಂದು ಯಂತ್ರವಿದೆಯೆಂಬುದೇ ಗೊತ್ತಿರಲಿಲ್ಲ.

ತರಿಸಿಕೊಡುತ್ತೇನೆಂದು ಮಾತು ಕೊಟ್ಟು ಪತ್ರ ಬರೆದೆ. ಉತ್ತರ ಬರುವಷ್ಟರಲ್ಲಿ ಅವನನ್ನು ಆ ಅರ್ಧ ಗಂಟಿನ ಜೊತೆ ಹೂತಿದ್ದರು. ನನ್ನ ಊಹೆ ಸರಿಯೆಂದು ಉತ್ತರದಲ್ಲಿ ಹೊಗಳಿಕೆಯಿತ್ತು. ತುಣುಕನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಹೆರೆದು ಗಾಜಿಗೆ ಅಂಟಿಸಿದ್ದಾರಂತೆ, ಕಲಿಯುವವರಿಗೆ ತೋರಿಸಲು ಬೇಕಂತೆ, ಹಿಂದಕ್ಕೆ ಕೊಡಲಾಗುವುದಿಲ್ಲವಂತೆ. ಇದನ್ನು ಕರಿಯಮ್ಮನಿಗೆ ಹೇಳುವಷ್ಟು ಗಂಡಸುತನ ನನಗಿರಲಿಲ್ಲ.

ಓದಿಕೊಂಡ ಸ್ನೇಹಿತರು ಕಾಕತಾಳೀಯ ಎನ್ನುತ್ತಾರೆ, ಭಕ್ತರು ಆತ್ಮ ಎನ್ನುತ್ತಾರೆ. ಎರಡೂ ಬಾಯಿಗೆ ಬಂದ ಮಾತು. ನನ್ನ ಬಳಿ ಅಂಥದೊಂದು ಮಾತೂ ಇಲ್ಲ.

ಈಗ ನಾನು ಪಿಂಚಣಿಯ ಮುದುಕ. ಕಂಕುಳಲ್ಲಿ ಒಂದು ಗಂಟು ಎದ್ದಿದೆ, ನೋವಿಲ್ಲ. ಚಿತ್ರದುರ್ಗದ ಎಳೆಯ ಡಾಕ್ಟರೊಬ್ಬರು ಮುಟ್ಟಿ ನೋಡಿ, ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸೋಣ, ಈಗ ಕಿರಣಗಳ ಚಿಕಿತ್ಸೆ ಬಂದಿದೆ, ತಡಮಾಡಬೇಡಿ ಎಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಆ ಚೂರನ್ನು ಆಮೇಲೆ ಎಲ್ಲಿಡುತ್ತೀರಿ ಎಂದು ಕೇಳಿದೆ. ಅವರು ಒಳಗೊಳಗೇ ನಕ್ಕರು. ಆ ನಗು ನನಗೆ ಚೆನ್ನಾಗಿ ಗೊತ್ತು. ಮೂರು ವಾರವಾಯಿತು, ನಾನಿನ್ನೂ ಆ ಕಡೆ ಹೋಗಿಲ್ಲ.