ಮೂರನೇ ಸಲ ಕೇಳಿದವನು

ನಮ್ಮ ಕಡೆ ಯಾರಾದರೂ ಕಾಫಿ ಕೊಟ್ಟರೆ ಎರಡು ಸಲ ಬೇಡ ಅಂದು ಮೂರನೇ ಸಲಕ್ಕೆ ಲೋಟ ಹಿಡಿಯಬೇಕು. ಕೊಟ್ಟ ತಕ್ಷಣ ಕೈ ಚಾಚಿದರೆ ಆಸೆಬುರುಕಿ ಅಂತಾರೆ.

ನಾನಿದ್ದ ಕೊಬ್ಬರಿ ಪುಡಿ ಫ್ಯಾಕ್ಟರಿ ಮುಚ್ಚಿತ್ತು. ತಿಪಟೂರಿನ ಇನ್ನೊಂದು ಫ್ಯಾಕ್ಟರಿಗೆ ಸೂಪರ್‌ವೈಸರ್ ಕೆಲಸ ಕೇಳಿಕೊಂಡು ನೊಣವಿನಕೆರೆಯಿಂದ ಖಾಲಿ ಹೊಟ್ಟೆಯಲ್ಲೇ ಬಸ್ಸು ಹತ್ತಿದ್ದೆ. ಇಂಟರ್‌ವ್ಯೂಗೆ ಬೆಂಗಳೂರಿನಿಂದ ಬಂದಿದ್ದ ಆಫೀಸರು, ಅಟೆಂಡರ್ ತಂದ ಕಾಫಿ ತೋರಿಸಿ "ತಗೊಳ್ಳಿ" ಅಂದರು.

"ಬೇಡ ಸಾರ್, ಈಗ ತಾನೇ ಆಯ್ತು."

"ಓಕೆ" ಅಂದರು. ಲೋಟ ವಾಪಸ್ ಹೋಯ್ತು. ಬೇಡ ಅಂದರೆ ಬೇಡ ಅಂತಲೇ ನಂಬೋ ಜನ!

"ಡ್ರೈಯರ್ ನಡೆಸೋಕೆ ಬರುತ್ತಾ?"

"ಏನೋ, ಸ್ವಲ್ಪ ಬರುತ್ತೆ ಸಾರ್." ಕಾಯಿತುರಿ ಒಣಗಿಸೋ ಆ ಮಷೀನನ್ನೇ ವರ್ಷಗಟ್ಟಲೆ ನಡೆಸಿದ್ದೆ.

"ಕೆಲಸದವರನ್ನ ನಿಭಾಯಿಸ್ತೀರಾ?"

"ನಂದೇನಿದೆ ಸಾರ್, ಎಲ್ಲಾ ಅವರೇ ಮಾಡ್ಕೋತಾರೆ."

"ಈ ಕೆಲಸ ನಿಮಗೆ ಬೇಕಾ?"

ಬೇಕೇ ಬೇಕು ಅನ್ನೋದು ಗಂಟಲಲ್ಲೇ ಇತ್ತು. ಬಾಯಿಗೆ ಬಂದದ್ದು, "ನಿಮಗೆ ಹೆಂಗನ್ಸುತ್ತೋ ಹಂಗೆ ಸಾರ್." ಇನ್ನೊಂದು ಸಲ ಕೇಳ್ತಾರೆ ಅಂತ ಕಾದೆ. ಅವರು ಫೈಲು ಮುಚ್ಚಿ, "ಆತ್ಮವಿಶ್ವಾಸ ಬೆಳೆಸ್ಕೊಳ್ಳಿ ಮೇಡಂ" ಅಂದರು.

ಹೊರಗೆ ಬೆಂಚಿನ ಮೇಲೆ ಕೂತೆ. ಆ ವಯಸ್ಸಾದ ಅಟೆಂಡರ್ ಅದೇ ಲೋಟ ಹಿಡಿದು ಬಂದ.

"ಕುಡಿಯವ್ವ."

"ಬೇಡ ಕಣಣ್ಣ."

"ಬಿಸಿ ಮಾಡ್ಕಂಡ್ ಬಂದಿವ್ನಿ."

"ನಿನಗ್ಯಾಕಣ್ಣ ತೊಂದ್ರೆ, ಬೇಡ."

"ಕುಡಿ ಬುಡವ್ವ, ಮಕ ಬಾಡೋಗೈತೆ."

ಕುಡಿದೆ. ಇಡೀ ಫ್ಯಾಕ್ಟರಿಯಲ್ಲಿ ಮೂರನೇ ಸಲ ಕೇಳಿದವನು ಅವನೊಬ್ಬನೇ. ಕೊಡೋಕೆ ಅವನ ಕೈಲಿ ಇದ್ದದ್ದು ಕಾಫಿ ಮಾತ್ರ.