ಅಪ್ಪನ ಕರಣೆ ಮೆಟುಚೆನ್‌ಗೆ ಹೋದದ್ದು

ಮೂರು ವಿಮಾನ ಹತ್ತಿ ಇಳಿದು ಅಮೆರಿಕದ ನೆವಾರ್ಕ್ ತಲುಪಿದೆ. ಪೆಟ್ಟಿಗೆಯಲ್ಲಿ ನಾಲ್ಕು ಸೀರೆ, ಹುರಿಹಿಟ್ಟು, ಗಾರೆ ಕೆಲಸ ಮಾಡುತ್ತಿದ್ದ ಅಪ್ಪನ ಸಣ್ಣ ಕರಣೆ. ತಪಾಸಣೆಯವನು ಕರಣೆ ಎತ್ತಿ ಏನೋ ಕೇಳಿದ. ನನಗೆ ಇಂಗ್ಲಿಷ್ ಬರುವುದಿಲ್ಲ, ಕನ್ನಡವೂ ನಾಲ್ಕನೇ ಕ್ಲಾಸಿನವರೆಗೆ. ಗೋಡೆಗೆ ಗಾರೆ ಬಳಿಯುವಂತೆ ಕೈಯಾಡಿಸಿದೆ. ನಕ್ಕು ಬಿಟ್ಟ.

ನಾನು ಹೋದದ್ದು ಊರು ನೋಡಲಿಕ್ಕಲ್ಲ, ಓಡಲಿಕ್ಕೆ.

ಹದಿನೆಂಟರ ವಯಸ್ಸಿನಲ್ಲಿ ನಾನೂ ಸರೋಜಳೂ ಮೈಸೂರು ಸೀಮೆಯ ಪರವಾಗಿ ನೂರು ಗಜದ ಓಟ ಓಡುತ್ತಿದ್ದೆವು. ಬರಿಗಾಲು. ಕಾಲು ಊರಿ ಚಿಮ್ಮಲು ಗೆರೆಯ ಹಿಂದೆ ನಾವೇ ಎರಡು ಗುಂಡಿ ತೋಡಿಕೊಳ್ಳಬೇಕು. ಅದಕ್ಕೆ ಈ ಕರಣೆ. ಬೆಂಗಳೂರಿನ ದೊಡ್ಡ ಪಂದ್ಯದಲ್ಲಿ ಬೆಳಗಿನ ಹೀಟ್ಸ್‌ನಲ್ಲಿ ನಾನು ಮೊದಲು, ಅವಳು ಎರಡನೆಯವಳು. ಮಧ್ಯಾಹ್ನ ಫೈನಲ್. ಅಷ್ಟರಲ್ಲಿ ನಮ್ಮಣ್ಣ ಜಟಕಾ ತಂದ. "ಗಂಡಿನ ಕಡೆಯವರು ಬಂದವ್ರೆ, ನಡಿ. ಇನ್ನು ಓಡ್ಲೇಬಾರ್ದು," ಎಂದ. ಗೆದ್ದವರ ಕಪ್ ಸರೋಜಳಿಗೆ ಹೋಯಿತು. ನನಗೆ ಮದುವೆಯಾಯಿತು. ಗಂಡ ಒಳ್ಳೆಯವನೇ, ಅದು ಬೇರೆ ಮಾತು. ಆಮೇಲೆ ನಾನು ಗೆರೆಯ ಹತ್ತಿರ ನಿಲ್ಲಲಿಲ್ಲ. ಸರೋಜ ಇನ್ನೂ ಐದಾರು ವರ್ಷ ಓಡಿದಳು. ಆ ಫೈನಲ್ ನಾನು ಓಡಿದ್ದರೆ ಯಾರು ಗೆಲ್ಲುತ್ತಿದ್ದರು? ಅದೊಂದೇ ಮುಳ್ಳು ಉಳಿಯಿತು.

ಈ ವರ್ಷ ಸರೋಜ ಮೆಟುಚೆನ್‌ನ ಮಗಳ ಮನೆಯಿಂದ ಫೋನ್ ಮಾಡಿದಳು. "ನನ್ನ ಮಂಡಿ ಬದಲಾಯಿಸ್ತಾರಂತೆ ಕಣೇ ಪುಟ್ಟಿ. ಆಮೇಲೆ ಓಡೋ ಹಾಗಿಲ್ವಂತೆ. ಬರೋದಾದ್ರೆ ಈಗ್ಲೇ ಬಾ." ಹೊರಟೆ.

ಸರೋಜಳ ಮಗಳು ವೀಣಾಳೇ ಟಿಕೆಟ್ ತೆಗೆದಿದ್ದಳು, ಕರೆದೊಯ್ಯಲು ಕಾರು ತಂದಳು. ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳು ಕೆಡುತ್ತವೆಂದು ಅವಳಿಗೆ ಬಿಡುವೇ ಇಲ್ಲ. ಶನಿವಾರ ಮಾತ್ರ ನಮ್ಮನ್ನು ನಮ್ಮ ದೇಶದವರ ಅಂಗಡಿ, ಹೋಟೆಲುಗಳಿರುವ ಐಸೆಲಿನ್‌ಗೆ ಕರೆದೊಯ್ದಳು. ಕಾಲು ಗಂಟೆಯೂ ಹಿಡಿಯಲಿಲ್ಲ. ಕಾರು ನಿಲ್ಲಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು. ಮಸಾಲೆ ದೋಸೆ ಐದು ಡಾಲರ್, ಚಟ್ನಿ ಸಪ್ಪೆ.

"ಎರಡು ದೋಸೆ ತಿಂದು ನಾಳೆ ಓಡ್ತೀಯೇನೇ?" ಎಂದಳು ಸರೋಜ.

"ನಿನ್ನ ಸೋಲಿಸಕ್ಕೆ ಮೂರು ತಿಂದ್ರೂ ನಡೆಯುತ್ತೆ. ಹೀಟ್ಸ್ ಮರ್ತೆಯಾ?"

"ಹೀಟ್ಸ್‌ನಲ್ಲಿ ನಾನು ಕಾಲು ಉಳಿಸ್ಕೊಂಡಿದ್ದೆ ಕಣೇ."

"ಉಳಿಸಿದ್ದು ಈಗ ತೆಗಿ, ನೋಡೋಣ."

ಭಾನುವಾರ ಬೆಳಿಗ್ಗೆ ಪಾರ್ಕಿಗೆ ಹೋದೆವು. ಚಳಿ. ಮರಗಳ ಎಲೆಯೆಲ್ಲ ಕೆಂಪಾಗಿ ಉದುರಿತ್ತು. ವೀಣಾ ಒಂದು ಮರದಿಂದ ದೂರದ ಬೆಂಚಿನವರೆಗೆ ಅಳೆದಳು. ನಾನು ಸೀರೆಗೆ ಕಚ್ಚೆ ಹಾಕಿ, ಮಂಡಿಯೂರಿ ಗುಂಡಿ ತೋಡಿದೆ. ಎರಡನೆಯದು ಮುಗಿಯುವಷ್ಟರಲ್ಲಿ ಹಸಿರು ಬಟ್ಟೆಯವನೊಬ್ಬ ಸಣ್ಣ ಗಾಡಿಯಲ್ಲಿ ಕೂಗುತ್ತ ಬಂದ.

"ಆಂಟಿ, ಪಾರ್ಕಿನವ್ರು! ಲಾನ್ ಅಗೀಬಾರ್ದಂತೆ. ಯಾಕೆ ಅಗೀತಿದಾರೆ ಅಂತಿದಾರೆ," ಎಂದಳು ವೀಣಾ.

"ಓಡಕ್ಕೆ ಅಂತ ಹೇಳಮ್ಮ."

ವೀಣಾ ಎಲ್ಲವನ್ನೂ ಹೇಳಿದಳೆಂದು ಕಾಣುತ್ತದೆ. ಅವನು ನನ್ನ ಕಚ್ಚೆ ನೋಡಿದ, ಸರೋಜಳ ಮಂಡಿಪಟ್ಟಿ ನೋಡಿದ, ಮುಚ್ಚಿ ಎಂದು ಕೈ ತೋರಿಸಿದ. ಮಣ್ಣು ತುಂಬಿ, ಮೇಲೆ ಹುಲ್ಲಿಟ್ಟು, ಕರಣೆಯ ಬೆನ್ನಿನಿಂದ ಸಮ ಮಾಡಿದೆ. ಅವನು ಹೋಗಲಿಲ್ಲ. ತೀರ್ಪಿಗೆ ಯಾರೂ ಇಲ್ಲವಲ್ಲ ಎಂದನಂತೆ, ಬೆಂಚಿನ ಬಳಿ ನಿಂತುಕೊಂಡ.

ವೀಣಾ ಕರವಸ್ತ್ರ ಇಳಿಸಿದಳು. ಹುಲ್ಲು ಒದ್ದೆ, ಕಾಲು ಜಾರಿತು. ಸರೋಜ ಮುಂದಾದಳು. ನಡುದಾರಿಯಲ್ಲಿ ಅವಳ ಸಮಕ್ಕೆ ಬಂದೆ. ಪಕ್ಕದಲ್ಲಿ ಅವಳು ನರಳುವುದು ಕೇಳಿಸಿತು. ನಾನು ನಿಲ್ಲಲಿಲ್ಲ, ಅವಳೂ ನಿಲ್ಲಲಿಲ್ಲ. ಬೆಂಚಿನ ಹತ್ತಿರ ಒಂದು ಹೆಗಲಿನಷ್ಟು ಮುಂದೆ ಹೋಗಿಬಿಟ್ಟಳು. ಪಾರ್ಕಿನವನು ಅವಳ ಕಡೆ ಬೆರಳು ಮಾಡಿದ.

"ಗುಂಡಿ ಇದ್ದಿದ್ರೆ ನೀವೇ ಗೆಲ್ತಿದ್ರಿ ಆಂಟಿ," ಎಂದಳು ವೀಣಾ.

"ಗುಂಡಿ ನಿಮ್ಮಮ್ಮಂಗೂ ಇರ್ಲಿಲ್ಲ ಕಣಮ್ಮ. ಸೋತೆ."

ಸರೋಜ ಮಂಡಿ ಹಿಡಿದು ಹುಲ್ಲಿನ ಮೇಲೆ ಕುಳಿತಿದ್ದಳು. "ಈಗ ಗೊತ್ತಾಯ್ತೇನೇ?"

"ಗೊತ್ತಾಯ್ತು. ಏಳು, ಚಳಿ." ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ. ಒಳಗಿನ ಮುಳ್ಳು ಹೋಗಿತ್ತು. ಇನ್ನೊಮ್ಮೆ ಓಡಬೇಕು ಎಂಬ ಆಸೆ ಬಂದು ಕೂತಿತ್ತು.

ಆ ವಾರವೇ ಆಪರೇಷನ್ ಆಯಿತು. ಗಂಜಿ ಕಾಸಿದೆ, ಸಾರು ಮಾಡಿದೆ. ವಾಕರ್ ಎಂಬ ಕಬ್ಬಿಣದ ಚೌಕಟ್ಟು ಹಿಡಿದು ಅವಳು ಹಜಾರದಲ್ಲಿ ನಡೆಯುವಾಗ ಹಿಂದೆ ನಡೆದೆ. ಅತ್ತಳು, ಬೈದಳು. ನಡೆಸಿದೆ.

ಹೊರಡುವ ದಿನ ತೆಳ್ಳಗೆ ಹಿಮ ಬಿದ್ದಿತ್ತು. ಬಾಗಿಲಿಗೆ ಬಂದ ಸರೋಜ ಕೂಗಿದಳು. "ಪುಟ್ಟೀ, ಕರಣೆ ಮರ್ತೆ ಕಣೇ!"

"ಮರ್ತಿಲ್ಲ. ಅಲ್ಲೇ ಇರ್ಲಿ. ಮುಂದಿನ ಸಲ ಆ ಪಾರ್ಕಿನವನನ್ನ ಕೇಳ್ಕೊಂಡೇ ಗುಂಡಿ ತೋಡೋಣ."

"ಓಡ್ಲೇಬಾರ್ದು ಅಂದವ್ರಲ್ಲೇ ಡಾಕ್ಟ್ರು!"

"ನಮ್ಮಣ್ಣನೂ ಹಾಗೇ ಅಂದಿದ್ದ."

ಕಾರು ತಿರುಗುವಾಗ ಹಿಂದೆ ನೋಡಿದೆ. ಸರೋಜ ಚೌಕಟ್ಟನ್ನು ಬಾಗಿಲಿಗೆ ಒರಗಿಸಿ, ಕರಣೆ ಕೈಯಲ್ಲಿ ಹಿಡಿದು, ಎರಡು ಕಾಲಿನ ಮೇಲೆ ನಿಂತಿದ್ದಳು.